ಕಾಗದದ ಹೂವಿನ ಉಪವಾಸ

ಸಿಸ್ಟರಮ್ಮ ಕರುಣೆಯಿಲ್ಲದ ಹೆಂಗಸು. ಇದು ಆಕೆಯ ಗಂಡನ ತೀರ್ಪು, ಹೊರಗಿನವರದಲ್ಲ. ಹೊರಗಿನವರಿಗೆ ಅಷ್ಟು ಧೈರ್ಯವಿರಲಿಲ್ಲ. ದೊಡ್ಡಾಸ್ಪತ್ರೆಯ ಶಸ್ತ್ರಚಿಕಿತ್ಸೆಯ ವಾರ್ಡನ್ನು ಆಕೆ ಹೆಡ್ ಸಿಸ್ಟರಾಗಿ ಆಳಿದ ಕಾಲದಲ್ಲಿ, ನೋವಿಗೆ ಕೂಗಾಡುತ್ತಿದ್ದ ರೋಗಿಗಳು ಆಕೆಯ ಬೂಟಿನ ಸದ್ದು ಕೇಳಿದೊಡನೆ ನೋವನ್ನು ಸಂಜೆಗೆ ಮುಂದೂಡುತ್ತಿದ್ದರಂತೆ. ಸರ್ಜನ್ನರು ಕೂಡ ಆಕೆ ನೋಡುತ್ತಿದ್ದಾಳೆಂದರೆ ತೊಳೆದ ಕೈಯನ್ನೇ ಮತ್ತೊಮ್ಮೆ ತೊಳೆಯುತ್ತಿದ್ದರು.

ನಿವೃತ್ತಿಯಾದ ಮೇಲೆ ಆಕೆಗೆ ಉಳಿದದ್ದು ಒಬ್ಬನೇ ರೋಗಿ, ಗಂಡ. ಡಾಕ್ಟರು ಅವರಿಗೆ ‘ಸಕ್ಕರೆ ಸ್ವಲ್ಪ ಕಡಿಮೆ ಮಾಡಿ’ ಎಂದಿದ್ದರು. ‘ಸ್ವಲ್ಪ’ ಎಂಬ ಪದ ಸಿಸ್ಟರಮ್ಮನ ನಿಘಂಟಿನಲ್ಲಿಲ್ಲ. ಅಂದಿನಿಂದ ಅವರ ಟೀಗೆ ಸಕ್ಕರೆಯ ಗಾಳಿಯೂ ಸೋಕಲಿಲ್ಲ. ಸಕ್ಕರೆ ಡಬ್ಬಿ ಅಟ್ಟದ ಮೇಲೆ ಹೋಯಿತು, ಏಣಿ ಪಕ್ಕದ ಮನೆಗೆ ಹೋಯಿತು. ದಿನಾ ಬೆಳಿಗ್ಗೆ ಆ ಮನುಷ್ಯ ಮೊದಲ ಗುಟುಕು ಕುಡಿದು “ಸಪ್ಪೆ” ಎನ್ನುವುದು, ಒಳಗಿನಿಂದ ಆಕೆ “ಹಾಗೇ ಇರಬೇಕು” ಎನ್ನುವುದು, ಇಷ್ಟಾದರೆ ಆ ಮನೆಯಲ್ಲಿ ಬೆಳಗಾಯಿತೆಂದು ಅರ್ಥ.

ಆ ಗಂಡ ಅಗ್ನಿಶಾಮಕ ದಳದಲ್ಲಿ ಪಂಪು ನಡೆಸಿ ನಿವೃತ್ತರಾದವರು. ಬೀದಿಯವರು ಅವರನ್ನು ‘ದಳವಾಯಿಗಳು’ ಎನ್ನುತ್ತಿದ್ದರು. (ಈ ಬಿರುದಿನಲ್ಲಿ ಅರ್ಧ ದಳದ್ದು, ಅರ್ಧ ಬಾಯಿಯದ್ದು.) ಬೆಂಕಿಪೊಟ್ಟಣದ ಕಡ್ಡಿಯನ್ನೂ ಅವರು ಊದಿ ಆರಿಸಿದವರಲ್ಲ, ನೀರಿನಲ್ಲೇ ಅದ್ದಿ ಆರಿಸುವವರು. ಒಣಗಿದ್ದನ್ನು ಕಂಡರೆ ಅವರ ಕೈ ತಾನಾಗಿ ಚೊಂಬಿಗೆ ಹೋಗುತ್ತಿತ್ತು.

ಹೀಗೆ ಒಬ್ಬಾಕೆ ಆಪರೇಷನ್ನಿನ ರೋಗಿಗಳಿಗೆ ‘ನೀರು ಕೊಡಬೇಡಿ’ ಎನ್ನುತ್ತ ಸಂಬಳ ಪಡೆದವಳು, ಇನ್ನೊಬ್ಬರು ‘ನೀರು ಹೊಡೀರಿ’ ಎನ್ನುತ್ತ ಪಡೆದವರು. ಇಂಥ ಇಬ್ಬರ ನಡುವೆ ಒಂದು ಗಿಡ ಸಿಕ್ಕಿಕೊಂಡರೆ ಅದರ ಗತಿ ಏನಾಗಬೇಕೋ ಅದೇ ಆಯಿತು.

ಗಿಡ ಕಾಗದದ ಹೂವಿನದು. ಓದಿದವರು ಅದನ್ನೇ ಬೋಗನ್‌ವಿಲ್ಲಾ ಎಂದು ಕರೆದು ಸ್ವಲ್ಪ ಜಾಸ್ತಿ ಗೌರವ ಕೊಡುತ್ತಾರೆ. ಅದರ ತಾಯಿಗಿಡ ಅಗ್ನಿಶಾಮಕ ಠಾಣೆಯ ಅಂಗಳದಲ್ಲಿತ್ತು. ಗೋಡೆ ಹತ್ತಿ, ಸೂರು ದಾಟಿ, ಎಲೆ ಕಾಣದಂತೆ ಕಡುಗುಲಾಬಿ ಬಣ್ಣ ಹೊದ್ದು ನಿಂತಿರುತ್ತಿತ್ತು. ಆ ಠಾಣೆಯವರು ಆರಿಸದೆ ಬಿಟ್ಟ ಬೆಂಕಿ ಅದೊಂದೇ. ದಳವಾಯಿಗಳು ನಿವೃತ್ತರಾದ ದಿನ ಜೊತೆಗಾರರು ಒಂದು ಗೋಡೆ ಗಡಿಯಾರವನ್ನೂ ಆ ಗಿಡದ ಕಡ್ಡಿಯಿಂದ ಬೆಳೆಸಿದ ಒಂದು ಸಸಿಯನ್ನೂ ಕೊಟ್ಟರು. ಗಡಿಯಾರ ಬೇಗ ನಿಂತಿತು. ಸಸಿ ನಿಲ್ಲಲಿಲ್ಲ. ಗೇಟಿನ ಪಕ್ಕದಲ್ಲಿ ನೆಟ್ಟದ್ದೇ ತಡ, ಬೆಳೆಯಿತು, ಬೆಳೆಯಿತು, ಬೆಳೆಯುತ್ತಲೇ ಹೋಯಿತು. ಹೂವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಬಿಟ್ಟಿತು. ಎಲೆಕೋಸಿಗೂ ನಾಚಿಕೆಯಾಗುವಷ್ಟು ಎಲೆ ಬಿಟ್ಟಿತು. ಬೆರಳುದ್ದದ ಮುಳ್ಳು ಬಿಟ್ಟು ಅಂಚೆಯವನ ತೋಳು, ಹಾಲಿನವನ ಚೀಲ, ಬಂದ ನೆಂಟರ ಮರ್ಯಾದೆ ಎಲ್ಲವನ್ನೂ ಗೀರಿತು. ದಾರಿಹೋಕರು “ಬೇಲಿ ಚೆನ್ನಾಗಿದೆ ಸಾರ್” ಎಂದು ಹೊಗಳುವರು. ದಳವಾಯಿಗಳ ಹೊಟ್ಟೆಗೆ ಮುಳ್ಳು ಚುಚ್ಚುವುದು ಆಗ.

ಈ ನಡುವೆ ಸೊಸೆ ಸ್ಕೂಟರು ಕೊಂಡಳು. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವವಳು. ಮಗ ರೈಲಿನ ಗಾರ್ಡ್. ಅವನು ಮನೆಯಲ್ಲಿರುವುದಕ್ಕಿಂತ ಹಸಿರು ಬಾವುಟ ಹಿಡಿದು ಇನ್ನೆಲ್ಲೋ ಇರುವುದೇ ಹೆಚ್ಚು, ಆದ್ದರಿಂದ ಈ ಕಥೆಗೂ ಅವನು ಬರುವುದಿಲ್ಲ. ಸ್ಕೂಟರು ಬೀದಿಯಲ್ಲೇ ನಿಲ್ಲುತ್ತಿತ್ತು. ಅದರ ಸೀಟಿನ ಮೇಲೆ ಬೀದಿನಾಯಿಯೊಂದು ಕಾಯಂ ನಿವಾಸಿಯಾಯಿತು. ಗೇಟಿನೊಳಗೆ ಸ್ಕೂಟರಿಗೆ ಸರಿಹೊಂದುವ ಜಾಗ ಒಂದೇ ಒಂದು, ಗಿಡವಿದ್ದ ಮೂಲೆ.

ಸಿಸ್ಟರಮ್ಮ ಮೂಲೆಯನ್ನು ನೋಡಿದಳು, ಗಿಡವನ್ನು ನೋಡಿದಳು, ಗಂಡನನ್ನು ಕರೆದಳು.

“ನೋಡಿ, ಈ ಬೇಸಿಗೆ ಮುಗಿಯೋದ್ರೊಳಗೆ ಇದು ಹೂ ಬಿಡಬೇಕು. ಬಿಡ್ಲಿಲ್ಲ ಅಂದ್ರೆ ಮೇಸ್ತ್ರಿಗೆ ಹೇಳಿ ಕೀಳಿಸ್ತೀನಿ. ಮೂಲೆಗೆ ಸಿಮೆಂಟು, ಸಿಮೆಂಟಿನ ಮೇಲೆ ಸ್ಕೂಟರು.”

“ಲೇ, ಇದು ನನ್ನ ಸರ್ವಿಸ್ಸಿನ ನೆನಪು ಕಣೇ!”

“ನೆನಪಿಗೆ ಗಡಿಯಾರ ಇದೆಯಲ್ಲ.”

“ಅದು ನಿಂತುಹೋಗಿದೆ.”

“ಇದೂ ಸುಮ್ಮನೆ ನಿಂತೇ ಇದೆ. ಇವತ್ತಿಂದ ಇದಕ್ಕೆ ನೀರು ಬಂದ್.”

“ಬೇಸಿಗೇಲಿ? ನೀನು ಮನುಷ್ಯಳಾ?”

“ಹೊಟ್ಟೆ ತುಂಬಿದ ಗಿಡ ಎಲೆ ಬಿಡತ್ತೆ, ಹಸಿದ ಗಿಡ ಹೂ ಬಿಡತ್ತೆ. ಎಲ್ಲ ಗಿಡಾನೂ ಅಲ್ಲ, ಈ ಜಾತಿ. ನಿಮ್ಮ ಠಾಣೇಲಿ ಇದರ ತಾಯಿಗೆ ಯಾರು ನೀರು ಹಾಕ್ತಿದ್ರು ಹೇಳಿ?”

ದಳವಾಯಿಗಳು ಯೋಚಿಸಿದರು. ಯಾರೂ ಹಾಕುತ್ತಿರಲಿಲ್ಲ. ಕೆರೆಯಷ್ಟು ನೀರನ್ನು ಲಾರಿಯಲ್ಲಿ ಹೊತ್ತು ಊರೆಲ್ಲ ತಿರುಗುತ್ತಿದ್ದ ಆ ಠಾಣೆಯಲ್ಲಿ, ಗಿಡಕ್ಕೆ ಒಂದು ಚೊಂಬು ನೀರು ಹಾಕಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಆದರೆ ಹೆಂಡತಿಯೆದುರು ಸತ್ಯ ಒಪ್ಪಿಕೊಳ್ಳುವ ಚಟ ಅವರಿಗಿರಲಿಲ್ಲ.

“ಅಲ್ಲಿನ ವಾತಾವರಣವೇ ಬೇರೆ,” ಎಂದರು. “ಅದು ಸೈರನ್ ಕೇಳ್ತಾ ಬೆಳೆದ ಗಿಡ.”

“ಹಾಗಾದ್ರೆ ನೀವು ದಿನಾ ಪಕ್ಕದಲ್ಲಿ ನಿಂತು ಕೂಗಿ. ನೀರು ಮಾತ್ರ ಬೇಡ.”

ಆಸ್ಪತ್ರೆ ಬಿಟ್ಟ ದಿನ ‘ನೆನಪಿಗೆ ಏನು ಬೇಕೋ ಕೇಳಿ’ ಎಂದು ದೊಡ್ಡ ಡಾಕ್ಟರು ಉದಾರವಾಗಿ ಹೇಳಿದಾಗ ಸಿಸ್ಟರಮ್ಮ ಕೇಳಿ ತಂದದ್ದು ಎರಡೇ ವಸ್ತು. ಒಂದು, ಮಲಗಿರುವ ರೋಗಿಗೆ ನೀರು ಕುಡಿಸಲು ಬಳಸುವ, ಕೊಕ್ಕಿನಂಥ ಮೂತಿಯ ಬಿಳಿ ಪಿಂಗಾಣಿ ಬಟ್ಟಲು. ಅದು ಗಾಜಿನ ಬೀರುವಿನಲ್ಲಿ ಯಾರ ಕೈಗೂ ಸಿಗದೆ ಕುಳಿತಿತ್ತು. ಇನ್ನೊಂದು, ಆಪರೇಷನ್ನಿಗೆ ಮುಂಚೆ ರೋಗಿಯ ಮಂಚಕ್ಕೆ ತೂಗುಹಾಕುವ ತಗಡಿನ ಫಲಕ. ಅದನ್ನು ಆಕೆ ಹುಡುಕಿ ತಂದು, ಒರೆಸಿ, ಗಿಡದ ಕೊರಳಿಗೆ ಕಟ್ಟಿದಳು: ‘ಬಾಯಿಗೆ ಏನೂ ಕೊಡಬಾರದು.’

ಅಂಚೆಯವನು ಮರುದಿನ ಅದನ್ನು ಓದಿ, ಮನೆಯವರು ತನಗೆ ಒಂದು ಲೋಟ ನೀರೂ ಕೊಡಲಾರರೆಂದು ತಿಳಿದು, ಕಾಗದವನ್ನು ಗೇಟಿನಾಚೆಯಿಂದಲೇ ಎಸೆದು ಹೋದ.

ದಳವಾಯಿಗಳು ಕುಳಿತು ಯೋಚಿಸಿದಷ್ಟೂ ವಿಷಯ ಸ್ಪಷ್ಟವಾಯಿತು. ಇದು ಅತ್ತೆ ಸೊಸೆ ಸೇರಿ ಹೂಡಿದ ಸಂಚು. (ಅತ್ತೆ ಸೊಸೆ ಒಂದಾಗುವುದಕ್ಕೆ ಒಂದು ಸ್ಕೂಟರು ಸಾಕು ಎಂಬುದನ್ನು ಹಿಂದೆ ಯಾರೂ ಅವರಿಗೆ ಹೇಳಿರಲಿಲ್ಲ.) ಗಿಡವನ್ನು ನೀರಿಲ್ಲದೆ ಕೊಂದು ಸಹಜ ಸಾವು ಎಂದು ಘೋಷಿಸಿಬಿಡುವ ಹುನ್ನಾರ. ತಾನು ಸಕ್ಕರೆ ಕಳೆದುಕೊಂಡವನು, ಅದು ನೀರು ಕಳೆದುಕೊಂಡಿದೆ. ಒಂದೇ ವಾರ್ಡಿನ ಇಬ್ಬರು ರೋಗಿಗಳು ಒಬ್ಬರಿಗೊಬ್ಬರು ಆಗದಿದ್ದರೆ ಇನ್ನಾರು ಆಗಬೇಕು?

ಅವತ್ತಿನಿಂದ ದಳವಾಯಿಗಳ ಶುಚಿತ್ವ ಮಿತಿಮೀರಿತು. ಹಲ್ಲುಜ್ಜುವುದನ್ನು ಬಚ್ಚಲಿನಿಂದ ಗೇಟಿನ ಬಳಿಗೆ ವರ್ಗಾಯಿಸಿದರು. “ಬೆಳಗಿನ ಬಿಸಿಲು ಹಲ್ಲಿಗೆ ಒಳ್ಳೇದು” ಎಂದರು. ಊಟ ಮುಗಿಸಿ ಅಂಗಳಕ್ಕೆ ಹೋಗಿ ಕೈ ತೊಳೆದರು. ತುಕ್ಕು ಹಿಡಿದು ಗೋಡೆಗೊರಗಿದ್ದ ಹಳೆಯ ಸೈಕಲ್ಲಿಗೆ ದಿನಾ ಅಭ್ಯಂಜನವಾಯಿತು, ಅದೂ ಗಿಡದ ಬುಡದಲ್ಲೇ. ಗಿಡ ಕೃತಜ್ಞತೆಯಿಂದ ಇನ್ನಷ್ಟು ಎಲೆ ಬಿಟ್ಟಿತು. ದಳವಾಯಿಗಳು ಹಿಗ್ಗಿದರು. ಉಳಿಸುತ್ತಿದ್ದೇನೆಂದು ಹಾಕಿದ ಒಂದೊಂದು ಚೊಂಬು ನೀರೂ ಗಿಡವನ್ನು ಮೇಸ್ತ್ರಿಯ ಹಾರೆಗೆ ಒಂದೊಂದು ಗೇಣು ಹತ್ತಿರ ತರುತ್ತಿದೆ ಎಂಬುದು ಆ ಮಹಾನುಭಾವರಿಗೆ ಹೊಳೆಯಲೇ ಇಲ್ಲ.

ಸಿಸ್ಟರಮ್ಮನಿಗೆ ಸಂಶಯ ಬಂದದ್ದು ಸೈಕಲ್ಲಿನಿಂದ. ಒಂದು ಸಂಜೆ ಆಕೆ ಗಂಟಲು ನೋಡುವಾಗ ನಾಲಿಗೆ ಒತ್ತುವ ಮರದ ಕಡ್ಡಿಯನ್ನು ಗಿಡದ ಬುಡಕ್ಕೆ ಚುಚ್ಚಿ ತೆಗೆದಳು. ಕಡ್ಡಿಗೆ ಅರ್ಧದವರೆಗೂ ಹಸಿ ಮಣ್ಣು ಮೆತ್ತಿತ್ತು. ರಾತ್ರಿಯ ಊಟಕ್ಕೆ ಎಲ್ಲರೂ ಕುಳಿತಾಗ ಆ ಕಡ್ಡಿಯನ್ನು ಮೇಜಿನ ನಡುವೆ ಇಟ್ಟಳು.

“ಯಾರು?”

ದಳವಾಯಿಗಳು ತಟ್ಟೆಯನ್ನು ನೋಡಿದರು. ಸೊಸೆ ಲೋಟವನ್ನು ನೋಡಿದಳು. ದಳವಾಯಿಗಳ ಅಕ್ಕ, ಆ ಮನೆಯ ಹಿರಿಯ ತಲೆ, ಚಾವಣಿಯ ಫ್ಯಾನನ್ನು ಮೊದಲ ಸಲ ಕಂಡವರಂತೆ ನೋಡಿದರು.

“ಈಗ ಹೇಳಿದ್ರೆ ಒಂದು ಶಿಕ್ಷೆ. ನಾನೇ ಕಂಡುಹಿಡಿದ್ರೆ ಎರಡು.”

ಅಕ್ಕನೇ ಮೊದಲು ಬಾಯಿಬಿಟ್ಟರು. “ಅಲ್ಲಮ್ಮಾ, ಮಾತ್ರೆ ನುಂಗೋಕೆ ನೀನು ತುಂಬಿದ ಚೊಂಬು ತಂದಿಡ್ತೀಯ. ನಂಗೆ ಬೇಕಾಗೋದು ಎರಡು ಗುಟುಕು. ಮಿಕ್ಕಿದ್ದನ್ನ ಎಲ್ಲಿ ಚೆಲ್ಲಲಿ? ಪಾಪ, ಬಾಯಾರಿದ ಹಾಗೆ ನಿಂತಿರತ್ತೆ.”

“ಅತ್ತಿಗೆ, ನೀವೂನಾ?”

“ನಾನು ದೊಡ್ಡವಳು. ಕೊನೇ ಕಾಲದಲ್ಲಿ ಪಾಪ ಕಟ್ಕೊಳ್ಳೋಕೆ ನಂಗಿಷ್ಟ ಇಲ್ಲ.”

ಸೊಸೆ ಮೆಲ್ಲಗೆ ಗಂಟಲು ಸರಿಮಾಡಿಕೊಂಡಳು. “ಅತ್ತೆ... ನಾನೂ. ಅಂಗಡಿಗೆ ಒಯ್ಯೋ ಬಾಟ್ಲೀಲಿ ನೀರು ಉಳಿಯತ್ತಲ್ಲ, ಬರ್ತಾ...”

“ನಿನ್ನ ಸ್ಕೂಟರಿಗೋಸ್ಕರ ನಾನಿಲ್ಲಿ ಯುದ್ಧ ಮಾಡ್ತಿದ್ರೆ ನೀನೇ ವೈರಿಗೆ ನೀರು ಕೊಡ್ತೀಯ?”

“ಅದಕ್ಕೇ ಅತ್ತೆ! ನನ್ನ ಸ್ಕೂಟರಿಗೆ ಅಂತ ಒಂದು ಜೀವ ಹೋಗ್ತಿದೆ ಅಂದ್ರೆ ನಂಗೆ ನಿದ್ದೆ ಬರಲ್ಲ.”

ದಳವಾಯಿಗಳಿಗೆ ಆಶ್ಚರ್ಯವೂ ಸ್ವಲ್ಪ ಅಸೂಯೆಯೂ ಆಯಿತು. ತಾವೊಬ್ಬರೇ ಧರ್ಮಾತ್ಮರೆಂದು ನಂಬಿದ್ದವರಿಗೆ ಮನೆ ತುಂಬ ಧರ್ಮಾತ್ಮರೇ ಎಂದು ತಿಳಿದರೆ ಹಾಗಾಗುತ್ತದೆ. ತಡೆಯಲಾರದೆ ಎದೆ ಸೆಟೆಸಿ ನುಡಿದರು: “ಇವರದ್ದೆಲ್ಲ ಚಿಲ್ಲರೆ. ಸೈಕಲ್ಲು ತೊಳೆದ ನೀರು, ಕೈ ತೊಳೆದ ನೀರು, ಬಾಯಿ ಮುಕ್ಕಳಿಸಿದ ನೀರು, ಎಲ್ಲ ನಂದು!”

“ಗೊತ್ತು,” ಎಂದಳು ಸಿಸ್ಟರಮ್ಮ. “ಟೂತ್‌ಪೇಸ್ಟಿನ ನೊರೆ ಬುಡದಲ್ಲೇ ಇತ್ತು. ಗಿಡಕ್ಕೆ ಎಲ್ಲಿ ಹಲ್ಲು ಬರತ್ತೋ ಅಂತ ಕಾಯ್ತಾ ಇದ್ದೆ.”

ಮರುದಿನದಿಂದ ಗಿಡಕ್ಕೆ ಆಸ್ಪತ್ರೆಯ ಕಾನೂನು. ಭೇಟಿಗೆ ಸಂಜೆ ಮಾತ್ರ ಅವಕಾಶ, ಬರಿಗೈಯಲ್ಲಿ. ಜಗಲಿಯ ತುದಿಗೆ ಒಂದು ಕುರ್ಚಿ ಬಿತ್ತು. ಆಕೆ ಅಲ್ಲೇ ಕುಳಿತು ಕಾಯಿಪಲ್ಲೆ ಹೆಚ್ಚಿದಳು, ಪತ್ರಿಕೆ ಓದಿದಳು, ಗಂಡ ಕೈ ತೊಳೆಯಲು ಎದ್ದರೆ ಕನ್ನಡಕದ ಮೇಲಿಂದ ನೋಡಿದಳು. ಬಿಸಿಲು ಏರಿತು. ಗಿಡದ ಎಲೆಗಳು ಜೋತವು, ಅಂಚು ಸುರುಳಿ ಸುತ್ತಿತು, ಒಂದೆರಡು ಹಳದಿಯಾಗಿ ಉದುರಿದವು. ದಳವಾಯಿಗಳು ಉದುರಿದ ಎಲೆಯನ್ನು ಹೆಕ್ಕಿ ತಂದು ಹೆಂಡತಿಯ ಮುಂದಿಟ್ಟರು.

“ಸಾಯ್ತಾ ಇದೆ ಕಣೇ.”

“ಪಥ್ಯದಲ್ಲಿದೆ.”

“ಉಸಿರು ಎಳೀತಾ ಇದೆ!”

“ರೀ, ಎಲ್ಲ ರೋಗಿಗಳ ಗಂಡಂದಿರೂ ಹೀಗೇ ಹೇಳ್ತಿದ್ರು. ಪಕ್ಕಕ್ಕೆ ಸರೀರಿ, ಬೆಳಕು ಬರಲಿ.”

ಇಂಥ ಉರಿಬಿಸಿಲಿನ ಒಂದು ಮಧ್ಯಾಹ್ನ ಸಿಸ್ಟರಮ್ಮ ಎದುರುಮನೆಯ ಮುದುಕರ ರಕ್ತದೊತ್ತಡ ನೋಡಲು ಹೋದಳು. ಅದೇ ಗಳಿಗೆಗೆ ಬೀದಿಯ ತಿರುವಿನಲ್ಲಿ ಕೆಂಪು ಲಾರಿ ಕಾಣಿಸಿತು. ಹತ್ತಿರದ ಶಾಲೆಯಲ್ಲಿ ಬೆಂಕಿ ಆರಿಸುವುದು ಹೇಗೆಂದು ತೋರಿಸಿಕೊಟ್ಟು ಠಾಣೆಗೆ ಮರಳುತ್ತಿದ್ದ ಅಗ್ನಿಶಾಮಕ ವಾಹನ. ದಳವಾಯಿಗಳು ಬೀದಿಗೆ ಹಾರಿ ಎರಡೂ ಕೈ ಎತ್ತಿದರು. ಚಾಲಕ ಅವರ ಕೈಕೆಳಗೆ ಪಳಗಿದವನು, ಲಾರಿ ನಿಲ್ಲಿಸಿದ.

“ಏನ್ ಗುರುಗಳೇ, ಎಲ್ಲಿ ಬೆಂಕಿ?”

“ಟ್ಯಾಂಕಲ್ಲಿ ನೀರು ಉಳಿದಿದೆಯೇನ್ರಪ್ಪಾ?”

“ಅರ್ಧದ ಮೇಲಿದೆ.”

“ಇಲ್ಲೊಂದು ಜೀವ ನೀರಿಲ್ಲದೆ ಒದ್ದಾಡ್ತಿದೆ.”

ಸಿಬ್ಬಂದಿಯವರು ಸ್ಟ್ರೆಚರು ಹಿಡಿದು ಇಳಿದರು. ದಳವಾಯಿಗಳು ಗಿಡವನ್ನು ತೋರಿಸಿದರು. ಅವರು ಫಲಕ ಓದಿದರು, ಗಿಡವನ್ನು ಗುರುತಿಸಿದರು.

“ಅಯ್ಯಯ್ಯೋ, ಇದು ನಮ್ಮ ಠಾಣೆ ಗಿಡ! ಈ ಸ್ಥಿತಿಗೆ ಬಂತಾ?”

“ಹೆಚ್ಚು ಬೇಡ. ಸಣ್ಣಗೆ, ತುಂತುರು. ಕೊಳವೆ ನಾನೇ ಹಿಡೀತೀನಿ.”

ಚಾಲಕನಿಗೆ ಗುರುಗಳ ಮೇಲೆ ಅಪಾರ ಗೌರವ. ಗುರುಗಳು ಕೇಳಿದಾಗ ಸಣ್ಣಗೆ ಬಿಡುವುದೇ? ಪೂರ್ತಿ ತಿರುಗಿಸಿದ.

ಕೊಳವೆ ಹೆಬ್ಬಾವಿನಂತೆ ಉಬ್ಬಿ ನೆಗೆಯಿತು. ಕೆಲಸ ಬಿಟ್ಟು ಬಹುಕಾಲವಾಗಿದ್ದ ದಳವಾಯಿಗಳ ತೋಳು ಅದನ್ನು ಹಿಡಿದಿತ್ತೋ, ಅದೇ ದಳವಾಯಿಗಳನ್ನು ಹಿಡಿದಿತ್ತೋ ಹೇಳುವುದು ಕಷ್ಟ. ಮೊದಲ ಹೊಡೆತಕ್ಕೆ ಗಿಡದ ಎಲೆಗಳೆಲ್ಲ ಹಕ್ಕಿಗಳಂತೆ ಹಾರಿ ಗೋಡೆಯಾಚೆ ಹೋದವು. ಎರಡನೆಯದಕ್ಕೆ ಬುಡದ ಮಣ್ಣು ಕೊಚ್ಚಿ ಬೇರು ಕಾಣಿಸಿತು. ಆಮೇಲೆ ಕೊಳವೆ ತಾನೇ ಮನಸ್ಸು ಮಾಡಿ ಸಿಸ್ಟರಮ್ಮ ಒಣಹಾಕಿದ್ದ ಹಾಸಿಗೆ ಹೊದಿಕೆಗಳನ್ನು ಒಂದೊಂದಾಗಿ ವಿಚಾರಿಸಿಕೊಂಡಿತು, ಸ್ಕೂಟರು ಬರುವುದನ್ನೇ ಕಾಯುತ್ತ ಅದರ ಜಾಗದಲ್ಲಿ ಮಲಗಿದ್ದ ನಾಯಿಯನ್ನು ಬೀದಿಯ ಕೊನೆಗೆ ಕಳಿಸಿತು, ಜಗಲಿಯಲ್ಲಿ ತೂಕಡಿಸುತ್ತಿದ್ದ ಅಕ್ಕನನ್ನು ಎಬ್ಬಿಸಿತು.

“ಲೋ ತಮ್ಮಾ, ಮಳೆ ಬಂತಾ? ಒಳ್ಳೇದಾಯ್ತು ಬಿಡು, ಇನ್ನು ಗಿಡಕ್ಕೆ ಯಾರೂ ನೀರು ಹಾಕ್ಬೇಕಾಗಿಲ್ಲ!”

ಕೊನೆಗೆ ಕೊಳವೆ ಗೇಟಿನ ಕಡೆ ತಿರುಗಿತು. ಗೇಟಿನಲ್ಲಿ ರಕ್ತದೊತ್ತಡದ ಪೆಟ್ಟಿಗೆ ಹಿಡಿದು ಸಿಸ್ಟರಮ್ಮ ನಿಂತಿದ್ದಳು.

ಆಕೆ ಕಿರುಚಲಿಲ್ಲ. ತಲೆಯಿಂದ ಕಾಲಿನವರೆಗೆ ನೀರು ಸುರಿಸುತ್ತ ನೇರ ಲಾರಿಯ ಬಳಿಗೆ ನಡೆದಳು. ಆಕ್ಸಿಜನ್ ಸಿಲಿಂಡರುಗಳ ತಿರುಪನ್ನು ತಿರುಗಿಸಿ ಪಳಗಿದ ಕೈಯಿಂದ ಪಂಪಿನ ತಿರುಪನ್ನು ಮುಚ್ಚಿದಳು. ನೀರು ನಿಂತಿತು. ಸಿಬ್ಬಂದಿಯವರು, ಯಾರೂ ಹೇಳದಿದ್ದರೂ, ಆಕೆಗೆ ಸೆಲ್ಯೂಟ್ ಹೊಡೆದರು.

ಗೇಟಿನ ಪಕ್ಕ ಈಗ ನಾಲ್ಕಾರು ಬೆತ್ತಲೆ ಕಡ್ಡಿಗಳು, ಹೊರಬಿದ್ದ ಬೇರು, ಕೆಸರು. ಫಲಕ ಮಾತ್ರ ಹಾಗೇ ನೇತಾಡುತ್ತಿತ್ತು: ಬಾಯಿಗೆ ಏನೂ ಕೊಡಬಾರದು.

“ಹೋಯ್ತಾ?” ದಳವಾಯಿಗಳ ದನಿ ಅವರಿಗೇ ಕೇಳಿಸಲಿಲ್ಲ.

“ಆ ಮಾತು ಹೇಳೋದು ಡಾಕ್ಟ್ರು. ನಾನಲ್ಲ.” ಆಕೆ ಬಗ್ಗಿ, ಒಂದಿಷ್ಟು ಮಣ್ಣನ್ನು ಬೇರಿನ ಮೇಲೆ ಎಳೆದು, ಕೈ ತೊಳೆಯಲು ಒಳಗೆ ಹೋದಳು. “ಇನ್ನು ಯಾರೂ ಮುಟ್ಟಕೂಡದು.”

ಸಿಸ್ಟರಮ್ಮ ಬೈದಿದ್ದರೆ ದಳವಾಯಿಗಳು ಎದುರುತ್ತರ ಕೊಟ್ಟು ಹಗುರಾಗುತ್ತಿದ್ದರು. ಬೈಯಲಿಲ್ಲ. ಮೇಸ್ತ್ರಿಯ ಮಾತೂ ಎತ್ತಲಿಲ್ಲ. ದಳವಾಯಿಗಳು ಗೇಟಿನ ಕಡೆ ಬೆನ್ನು ಹಾಕಿ ಕೂರುವುದನ್ನು ಕಲಿತರು. ಹಲ್ಲುಜ್ಜುವುದು ಬಚ್ಚಲಿಗೆ ಮರಳಿತು, ಸೈಕಲ್ಲಿಗೆ ಮತ್ತೆ ಧೂಳು ಹತ್ತಿತು. ಬೆಳಗಿನ ಟೀಗೆ ‘ಸಪ್ಪೆ’ ಎನ್ನುವುದನ್ನೂ ಬಿಟ್ಟರು. “ದಳವಾಯೀಲಿ ಬರೀ ದಳ ಉಳೀತು, ಬಾಯಿ ಹೋಯ್ತು,” ಎಂದು ಅಕ್ಕ ಸೊಸೆಯ ಕಿವಿಯಲ್ಲಿ ಹೇಳಿದರು. ಚೊಂಬು ಕಂಡರೆ ದಳವಾಯಿಗಳು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ಸತ್ತದ್ದಕ್ಕೆ ಯಾರು ನೀರು ಹಾಕುತ್ತಾರೆ? ಹೀಗೆ ಆ ಗಿಡಕ್ಕೆ ಜನ್ಮದಲ್ಲಿ ಮೊದಲ ಬಾರಿಗೆ ಯಾರೂ ಮುರಿಯದ ಉಪವಾಸ ಸಿಕ್ಕಿತು.

ಬೇಸಿಗೆ ಕೊನೆಯಾಗುತ್ತ ಬಂದಿತ್ತು. ಒಂದು ಬೆಳಿಗ್ಗೆ ಸೊಸೆ ಗೇಟಿನ ಬಳಿಯಿಂದ ಕೂಗಿದಳು: “ಮಾವಾ! ಓಡಿ ಬನ್ನಿ, ಬೇಗ!”

ದಳವಾಯಿಗಳು ಕಿಟಕಿಯಿಂದ ಇಣುಕಿದರು. ಗೇಟಿನಾಚೆ ಮೇಸ್ತ್ರಿ, ಹೆಗಲ ಮೇಲೆ ಹಾರೆ. ಅಷ್ಟೇ ಸಾಕಾಯಿತು. ಚಪ್ಪಲಿಯನ್ನೂ ಮೆಟ್ಟದೆ ಓಡಿದರು. ಗಿಡಕ್ಕೆ ಬೆನ್ನು ಕೊಟ್ಟು, ತೋಳು ಚಾಚಿ, ಸತ್ತ ಗಿಡವಾದರೂ ಸೈ ಎಂದು ಅಡ್ಡ ನಿಂತರು. ಹೋಗಿದ್ದ ಬಾಯಿ ಮರಳಿ ಬಂತು.

“ಮುಟ್ಟಿದ್ರೆ ಜೋಕೆ! ಮೊದಲು ನನ್ನ ಕೀಳು, ಆಮೇಲೆ ಇದನ್ನ!”

ಮೇಸ್ತ್ರಿ ಒಂದು ಹೆಜ್ಜೆ ಹಿಂದೆ ಸರಿದ. “ಏನ್ ಸಾರ್, ಎದುರುಮನೆ ಬಚ್ಚಲು ಕೀಳೋಕೆ ಬಂದೋನು ನಾನು. ಹೂ ಚೆನ್ನಾಗಿದೆ ಅಂತ ನಿಂತ್ಕೊಂಡೆ. ನೋಡೋದೂ ತಪ್ಪಾ?”

“ಹೂವಾ?”

ದಳವಾಯಿಗಳು ಬೆನ್ನಿನ ಮುಳ್ಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ತಿರುಗಿದರು. ಎಲೆಯೇ ಇಲ್ಲದ ಕಡ್ಡಿಗಳ ಉದ್ದಕ್ಕೂ ಕಡುಗುಲಾಬಿ ಬಣ್ಣ ಒಡೆದಿತ್ತು. ಅಲ್ಲೊಂದು ಇಲ್ಲೊಂದಲ್ಲ, ಗೊಂಚಲು ಗೊಂಚಲು. ಠಾಣೆಯ ಅಂಗಳದ ಆ ಬೆಂಕಿಯೇ.

“ಇದನ್ನ ಕೀಳೋಕೆ ಇವಳು ನಿಂಗೆ ಹೇಳಿರಲಿಲ್ವಾ?”

“ಯಾರು, ಅಮ್ಮಾವ್ರಾ? ಇಲ್ವಲ್ಲ ಸಾರ್. ಯಾವತ್ತೂ ಹೇಳೇ ಇಲ್ಲ.”

ದಳವಾಯಿಗಳು ಹೆಂಡತಿಯ ಕಡೆ ತಿರುಗಿದರು. ಆಕೆ ಜಗಲಿಯಲ್ಲಿ ನಿಂತು ಪತ್ರಿಕೆ ಮಡಚುತ್ತಿದ್ದಳು.

“ಹೆದರಿಸೋದೂ ಒಂದು ಔಷಧಿ,” ಎಂದಳು. “ಅದು ಕೆಲಸ ಮಾಡ್ಬೇಕಿದ್ದದ್ದು ಗಿಡಕ್ಕಲ್ಲ, ನಿಮಗೆ. ನಿಮಗೆ ಹತ್ತಲಿಲ್ಲ.”

“ನೋಡಿದ್ಯಾ, ಕೊನೆಗೂ ನನ್ನ ನೀರಿನಿಂದ್ಲೇ ಹೂ ಬಂತು!”

“ನಿಮ್ಮ ನೀರಿನಿಂದಲ್ಲ, ನಿಮ್ಮ ಹೊಡೆತದಿಂದ. ಎಲೆ ಹೋಯ್ತು, ಬೇರು ಹೆದರ್ತು, ಆಮೇಲೆ ಎಲ್ಲರೂ ಅದರ ಪಾಡಿಗೆ ಬಿಟ್ರಿ. ನಾನು ಹೇಳಿದ್ದೇ ಅದು.”

“ಯಾರದ್ದಾದ್ರೂ ಆಗ್ಲಿ,” ಎಂದರು ಅಕ್ಕ. “ನನ್ನ ಮಾತ್ರೆ ನೀರನ್ನ ಮರೀಬೇಡಿ.”

ಸೊಸೆ ಗಿಡದ ಪಟ ತೆಗೆದುಕೊಂಡಳು. ಸ್ಕೂಟರು ಬೀದಿಯಲ್ಲೇ ಉಳಿಯಿತು. ನಾಯಿಯೂ ಸೀಟಿಗೆ ಮರಳಿತು.

ಮರುದಿನ ಬೆಳಿಗ್ಗೆ ದಳವಾಯಿಗಳು ಬೇಗ ಎದ್ದರು, ಹೂವನ್ನು ಒಬ್ಬರೇ ನೋಡಬೇಕೆಂದು. ಗಾಜಿನ ಬೀರುವಿನ ಬಾಗಿಲು ತೆರೆದಿತ್ತು. ಜಗಲಿಗೆ ಬಂದವರು ಕಂಬದ ಹಿಂದೆಯೇ ನಿಂತರು. ಸಿಸ್ಟರಮ್ಮ ಗಿಡದ ಬುಡದಲ್ಲಿ ಮೊಣಕಾಲೂರಿದ್ದಳು. ಫಲಕ ಬಿಚ್ಚಿ ಪಕ್ಕಕ್ಕಿಟ್ಟಿತ್ತು. ಕೈಯಲ್ಲಿ ಕೊಕ್ಕಿನ ಮೂತಿಯ ಆ ಬಿಳಿ ಬಟ್ಟಲು. ಒಂದು ಗುಟುಕು ನೀರು ಬಿಟ್ಟು, ಮಣ್ಣು ಹೀರುವವರೆಗೆ ಕಾದು, ಮತ್ತೊಂದು ಗುಟುಕು ಬಿಡುತ್ತಿದ್ದಳು.

“ಆತುರ ಬೇಡ ಮರೀ. ನಿಧಾನಕ್ಕೆ. ಸಾಕು ಅನ್ನಿಸಿದ್ರೆ ಬಿಡು.”

ಈ ದನಿಯನ್ನು ದಳವಾಯಿಗಳು ಇಷ್ಟು ವರ್ಷಗಳ ಸಂಸಾರದಲ್ಲಿ ಕೇಳಿರಲಿಲ್ಲ. ಆಶ್ಚರ್ಯಕ್ಕೆ ಕಾಲು ಬಕೆಟ್ಟಿಗೆ ತಾಗಿತು. ಆಕೆ ತಟ್ಟನೆ ಎದ್ದಳು.

“ಏನು ನೋಡ್ತಿದ್ದೀರಿ? ಆಪರೇಷನ್ ಆದ್ಮೇಲೆ ಕೊಡಬಹುದು. ನಿಯಮ ಇದೆ.”

“ನಾನೇನೂ ಹೇಳಲಿಲ್ಲ.”

“ಟೀ ಜಗಲಿ ಕಟ್ಟೆ ಮೇಲಿದೆ. ಆರೋದ್ರೊಳಗೆ ಕುಡೀರಿ.” ಫಲಕವನ್ನೂ ಬಟ್ಟಲನ್ನೂ ಎತ್ತಿಕೊಂಡು ಒಳಗೆ ಹೋದಳು.

ದಳವಾಯಿಗಳು ಕಟ್ಟೆಯ ಮೇಲೆ, ಹೂವಿಗೆ ಎದುರಾಗಿ ಕುಳಿತರು. ಲೋಟ ಎತ್ತಿ ಒಂದು ಗುಟುಕು ಕುಡಿದರು. ಕುಡಿದದ್ದನ್ನು ನುಂಗದೆ ಬಾಯಲ್ಲೇ ಹಿಡಿದರು. ಲೋಟದೊಳಗೆ ಇಣುಕಿದರು. ಅಡುಗೆಮನೆಯ ಬಾಗಿಲಾಚೆ, ಅಟ್ಟದ ಕೆಳಗೆ, ಪಕ್ಕದ ಮನೆಗೆ ಹೋಗಿದ್ದ ಏಣಿ ಮರಳಿ ಬಂದು ನಿಂತಿತ್ತು.

“ರೀ, ಟೀ ಹೇಗಿದೆ?” ಒಳಗಿನಿಂದ ದನಿ ಬಂತು.

ದಳವಾಯಿಗಳು ನಿಧಾನವಾಗಿ ನುಂಗಿದರು.

“ಸಪ್ಪೆ,” ಎಂದರು.

“ಹಾಗೇ ಇರಬೇಕು.”